ಪ್ರದರ್ಶನ ಮಳಿಗೆಯ ಫಲಕ: ಫೈಲಿನಲ್ಲಿಯೇ ಎಚ್ಚರವಿರಲಿ

ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಏರ್ಪಡಿಸುವ ಕೃಷಿ ಮೇಳವು ಅವಳಿ ನಗರದ ಉಪಕರಣ ತಯಾರಕರಿಗೆ ರೈತರನ್ನು ನೇರವಾಗಿ ತಲುಪುವ ವೇದಿಕೆಯಾಗಿದೆ. ಯಂತ್ರಕ್ಕಾಗಿ ತಿಂಗಳುಗಟ್ಟಲೆ ಶ್ರಮಿಸುವ ಉದ್ದಿಮೆದಾರರು ಮಳಿಗೆಯ ಹಿನ್ನೆಲೆ ಫಲಕವನ್ನು ಮಾತ್ರ ಕೊನೆಯ ದಿನಕ್ಕೆ ಬಿಡುವುದುಂಟು. ಆದರೆ ಹತ್ತು ಅಡಿ ಅಗಲಕ್ಕೆ ಮುದ್ರಿತವಾದ ತಪ್ಪನ್ನು ಮೇಳದ ಬೆಳಿಗ್ಗೆ ತಿದ್ದಲಾಗದು.

ಮೊದಲನೆಯದು ಅಳತೆ. 3 ಮೀಟರ್ ಅಗಲ, 2.5 ಮೀಟರ್ ಎತ್ತರದ ಫಲಕಕ್ಕೆ ಹತ್ತರಲ್ಲೊಂದು ಪ್ರಮಾಣದಲ್ಲಿ, ಅಂದರೆ 30 × 25 ಸೆಂಟಿಮೀಟರ್ ಗಾತ್ರದಲ್ಲಿ ಫೈಲು ಸಿದ್ಧಪಡಿಸಿ, ಆ ಪ್ರಮಾಣವನ್ನು ಮುದ್ರಕರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮಡಿಕೆಗೆ ಬಿಡಬೇಕಾದ ಅಂಚನ್ನು ಮೊದಲೇ ಕೇಳಿಕೊಳ್ಳಬೇಕು. ಮೇಜು ಮರೆಮಾಡುವ ಕೆಳಭಾಗದಲ್ಲಿ ದೂರವಾಣಿ ಸಂಖ್ಯೆ ಇರಬಾರದು.

ಎರಡನೆಯದು ಛಾಯಾಚಿತ್ರ. ದೂರದಿಂದ ನೋಡುವ ಫಲಕಕ್ಕೆ ಮುದ್ರಣದ ಗಾತ್ರದಲ್ಲಿ ಅಂಗುಲಕ್ಕೆ 100 ಪಿಕ್ಸೆಲ್ ಸಾಕು. 4000 ಪಿಕ್ಸೆಲ್ ಅಗಲದ ಚಿತ್ರವು 1 ಮೀಟರ್‌ವರೆಗೆ ಸ್ಪಷ್ಟವಾಗಿರುತ್ತದೆ. 3 ಮೀಟರಿಗೆ ಹಿಗ್ಗಿಸಿದರೆ ಅಂಗುಲಕ್ಕೆ ಸುಮಾರು 34 ಮಾತ್ರ ಉಳಿದು ಮಸುಕಾಗುತ್ತದೆ.

ಮೂರನೆಯದೂ ಅತಿ ಮುಖ್ಯವಾದುದೂ ಕನ್ನಡ ಅಕ್ಷರ. ನುಡಿಯ ಹಳೆಯ ಫಾಂಟಿನ ಬರಹವು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತದೆ. ಯುನಿಕೋಡ್ ಬರಹದಲ್ಲಿಯೂ ಕೆಲವು ತಂತ್ರಾಂಶಗಳು ಒತ್ತಕ್ಷರಗಳನ್ನು ಬೇರ್ಪಡಿಸುತ್ತವೆ. ಆದುದರಿಂದ ಅಕ್ಷರಗಳನ್ನು ಕರ್ವ್ ರೂಪಕ್ಕೆ ಪರಿವರ್ತಿಸಿಯೇ ಫೈಲು ಕಳುಹಿಸುವುದು ಕ್ಷೇಮ.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ್ದು, ಬಟ್ಟೆಯ ಫಲಕವೇ ಯೋಗ್ಯ ಆಯ್ಕೆ. ಹತ್ತಿ ಬಟ್ಟೆ ಶಾಯಿಯನ್ನು ಹೀರುವುದರಿಂದ ಸಣ್ಣ ಅಕ್ಷರಗಳು ಕಲೆಯಂತಾಗಬಹುದು. ಒಂದು ತುಂಡಿನ ಮೇಲೆ ಮಾದರಿ ತೆಗೆಸಿ ನೋಡಬೇಕು.

ಕೊನೆಯದಾಗಿ, ಕಾಗದದ ಪ್ರತಿಯನ್ನು ಅಕ್ಷರಶಃ ಓದಿ ಸಹಿ ಮಾಡಿ ಕೊಟ್ಟರೆ, ತಪ್ಪಾದಾಗ ಮರುಮುದ್ರಣದ ವೆಚ್ಚ ಯಾರದೆಂಬ ವಿವಾದಕ್ಕೆ ಆಸ್ಪದವಿರದು.