ಒಳ್ಳೆಯ ಭಾವಚಿತ್ರಕ್ಕೆ ಕಿಟಕಿಯೊಂದು ಸಾಕು

ಸ್ಟುಡಿಯೋದಲ್ಲಿ ತೆಗೆಸಿದ ಭಾವಚಿತ್ರಕ್ಕೂ ನಾವೇ ಮನೆಯಲ್ಲಿ ತೆಗೆದ ಚಿತ್ರಕ್ಕೂ ಇರುವ ಅಂತರಕ್ಕೆ ಬೆಲೆಬಾಳುವ ಕ್ಯಾಮೆರಾ ಕಾರಣವೆಂದು ಬಗೆಯುವುದು ವಾಡಿಕೆ. ಈ ನಂಬಿಕೆ ಬಹುಮಟ್ಟಿಗೆ ತಪ್ಪು. ಮುಖದ ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಕ್ಯಾಮೆರಾ ಎಷ್ಟು ದೂರದಲ್ಲಿದೆ, ಬೆಳಕು ಎಲ್ಲಿಂದ ಬರುತ್ತಿದೆ. ಎರಡೂ ಭೌತವಿಜ್ಞಾನದ ಮೊದಲ ಪಾಠಗಳಿಗೆ ಸೇರಿದ ವಿಷಯಗಳೇ.

ಮೊದಲು ದೂರವನ್ನು ಕುರಿತು ವಿಚಾರಿಸೋಣ. ಮೊಬೈಲ್ ಫೋನನ್ನು ಮೂಗಿನ ತುದಿಯಿಂದ 30 ಸೆಂ.ಮೀ. ದೂರದಲ್ಲಿ ಹಿಡಿದೆವೆನ್ನಿ. ಕಿವಿ ಮೂಗಿನ ತುದಿಗಿಂತ ಸುಮಾರು 12 ಸೆಂ.ಮೀ. ಹಿಂದಿದೆ, ಎಂದರೆ ಮಸೂರದಿಂದ 42 ಸೆಂ.ಮೀ. ದೂರದಲ್ಲಿದೆ. ವಸ್ತು ದೂರವಾದಷ್ಟೂ ಅದರ ಬಿಂಬ ಕಿರಿದಾಗುವುದರಿಂದ, ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಹಿಗ್ಗಿ ಕಾಣುತ್ತದೆ. ಅದೇ ಫೋನನ್ನು 150 ಸೆಂ.ಮೀ. ದೂರಕ್ಕೆ ಒಯ್ದರೆ ಈ ದೂರಗಳು 150 ಮತ್ತು 162 ಆಗುತ್ತವೆ. ಹಿಗ್ಗುವಿಕೆ ಶೇಕಡ 8 ಮಾತ್ರ. ಮುಖ ತನ್ನ ಸಹಜವಾದ ಆಕಾರದಲ್ಲಿ ಮೂಡುತ್ತದೆ. ವೃತ್ತಿಪರರು ಹೆಚ್ಚು ನಾಭಿದೂರದ ಮಸೂರವನ್ನು ಬಳಸುವ ರಹಸ್ಯವೂ ಇದೇ. ಆ ಮಸೂರ ಮುಖವನ್ನು ತಿದ್ದುವುದಿಲ್ಲ; ದೂರ ನಿಂತು ತೆಗೆದರೂ ಮುಖ ಚಿತ್ರದ ತುಂಬ ಬರುವಂತೆ ಮಾಡುತ್ತದೆ, ಅಷ್ಟೆ.

ಇನ್ನು ಬೆಳಕು. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಕಣ್ಣುಗಳು ಕಪ್ಪು ಗುಳಿಗಳಂತೆ ಕಾಣುತ್ತವೆ. ಮೂಗಿನ ನೆರಳು ತುಟಿಯ ಮೇಲೆ ಗೆರೆ ಕೊರೆದಂತೆ ಬೀಳುತ್ತದೆ. ಏಕೆ? ಸೂರ್ಯ ಎಷ್ಟೇ ದೊಡ್ಡದಾದರೂ ನಮ್ಮ ಕಣ್ಣಿಗೆ ಕಾಣುವ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಇಷ್ಟು ಕಿರಿದಾದ ಆಕರದಿಂದ ಬೀಳುವ ನೆರಳಿಗೆ ಅಂಚು ಹರಿತ. ಒಂದು ಮೀಟರ್ ಅಗಲದ ಕಿಟಕಿಯ ಎದುರು ಒಂದು ಮೀಟರ್ ದೂರದಲ್ಲಿ ಕುಳಿತವರಿಗಾದರೋ ಕಿಟಕಿಯ ಅಗಲ 53 ಡಿಗ್ರಿ, ಅಂದರೆ ಸೂರ್ಯನ ಸುಮಾರು ನೂರು ಪಟ್ಟು! ಆಗ ಅರೆನೆರಳು ವಿಸ್ತಾರವಾಗಿ ಹರಡಿ, ಬೆಳಕು ನೆರಳಿಗೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಕಿಟಕಿಯಿಂದ ಮೂರು ಮೀಟರ್ ದೂರಕ್ಕೆ ಸರಿದರೆ ಈ ಕೋನ 19 ಡಿಗ್ರಿಗೆ ಇಳಿದು ನೆರಳು ಮತ್ತೆ ಗಡುಸಾಗುತ್ತದೆ.

ಆದುದರಿಂದ ನೇರ ಬಿಸಿಲು ಬೀಳದ ಕಿಟಕಿಯ ಸಮೀಪದಲ್ಲಿ, ಬೆಳಕು ಪಕ್ಕದಿಂದ ಬರುವಂತೆ ಕೂರಿಸಿ, ಮುಖವನ್ನು ಕೊಂಚ ಕಿಟಕಿಯತ್ತ ತಿರುಗಿಸಿರಿ. ಮತ್ತೊಂದು ಪಕ್ಕದಲ್ಲಿ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟರೆ, ಅದರಿಂದ ಚದರಿದ ಬೆಳಕು ನೆರಳನ್ನು ತಿಳಿಗೊಳಿಸುತ್ತದೆ. ಕೋಣೆಯ ದೀಪಗಳನ್ನು ಆರಿಸಿರಿ. ಎರಡು ಬಣ್ಣದ ಬೆಳಕುಗಳು ಬೆರೆತರೆ ಚರ್ಮದ ಬಣ್ಣ ಕೆಡುತ್ತದೆ. ಕಣ್ಣಿನ ಪಾರಪಟಲ ಪೀನದರ್ಪಣದಂತೆ ವರ್ತಿಸಿ ಕಿಟಕಿಯ ಪುಟ್ಟ ಬಿಂಬವನ್ನು ತೋರಿಸುತ್ತದೆ. ಚಿತ್ರಕ್ಕೆ ಜೀವಕಳೆ ಬರುವುದು ಆ ಹೊಳಪಿನಿಂದಲೇ.

ಕ್ಯಾಮೆರಾದ ಬೆಳಕುಮಾಪಕಕ್ಕೂ ಒಂದು ಮಿತಿಯುಂಟು. ದೃಶ್ಯವೆಲ್ಲ ಸರಾಸರಿಯಲ್ಲಿ ನಡುವಣ ಬೂದುಬಣ್ಣದ್ದೆಂದು ಅದು ಭಾವಿಸುತ್ತದೆ. ಹಿಂದೆ ಬಿಳಿಗೋಡೆಯಿದ್ದರೆ ಅದನ್ನು ಬೂದಾಗಿಸಲು ಹೋಗಿ ಮುಖವನ್ನು ಕಪ್ಪಾಗಿಸಿಬಿಡುತ್ತದೆ. ಅದಕ್ಕಾಗಿ ಫೋನಿನ ಪರದೆಯಲ್ಲಿ ಮುಖವನ್ನೇ ಮುಟ್ಟಿ, ಬೆಳಕಿನ ಲೆಕ್ಕವನ್ನು ಮುಖಕ್ಕೆ ಹೊಂದಿಸಬೇಕು.

ಹಗಲಿನ ಬೆಳಕೊಂದರಿಂದಲೇ ಎಂತಹ ಸಾಧನೆ ಸಾಧ್ಯವೆಂಬುದಕ್ಕೆ 1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ನಿದರ್ಶನ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದ ಆಕೆಗೆ 1863ರಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮೆರಾ ಉಡುಗೊರೆಯಿತ್ತರು. ಮನೆಯ ಕೋಳಿಗೂಡನ್ನೇ ಆಕೆ ಗಾಜಿನ ಸ್ಟುಡಿಯೋ ಮಾಡಿಕೊಂಡರು. 1867ರಲ್ಲಿ ಖಗೋಳವಿಜ್ಞಾನಿ ಜಾನ್ ಹರ್ಷೆಲರ ಮನೆಗೇ ಹೋಗಿ ಅವರ ಭಾವಚಿತ್ರ ತೆಗೆದರು. ಹೈಪೋ ಲವಣವು ಬೆಳ್ಳಿಯ ಲವಣಗಳನ್ನು ಕರಗಿಸುವುದೆಂದು 1819ರಲ್ಲಿ ಕಂಡುಹಿಡಿದು, ಛಾಯಾಚಿತ್ರಗಳನ್ನು ಸ್ಥಿರಗೊಳಿಸುವ ಮಾರ್ಗ ತೋರಿದವರು ಆ ಹರ್ಷೆಲರೇ. ಕತ್ತಲಿನಿಂದ ಮೂಡಿಬರುವ ಆ ನೆರೆಗೂದಲಿನ ಮುಖ ಇಂದಿಗೂ ನೋಡುವವರನ್ನು ಹಿಡಿದು ನಿಲ್ಲಿಸುತ್ತದೆ.

ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ, ಬೇರೆ ಚಿತ್ರವಿಲ್ಲದೆ, ಗುರುತಿನ ಚೀಟಿಯ ಪುಟ್ಟ ಪಟವನ್ನೇ ಹಿಗ್ಗಿಸಿ ಕಟ್ಟುಹಾಕಿಸುತ್ತಾರೆ. ಮುಂದಿನ ತಲೆಮಾರಿಗೆ ಆ ಮಸುಕು ಮುಖವೇ ಅಜ್ಜಿ. ವಿದ್ಯಾರ್ಥಿಮಿತ್ರರು ಈ ರವಿವಾರ ಬೆಳಗ್ಗೆ ಮನೆಯ ಹಿರಿಯರನ್ನು ಕಿಟಕಿಯ ಬಳಿ ಕೂರಿಸಿ, ಒಂದೂವರೆ ಮೀಟರ್ ದೂರದಲ್ಲಿ ನಿಂತು, ಅವರೊಡನೆ ನಾಲ್ಕು ಮಾತನಾಡುತ್ತ ಈ ಪ್ರಯೋಗವನ್ನು ಮಾಡಿನೋಡಲಿ.