ಮುದ್ದೆ, ಕಟ್ಟು, ಪಲ್ಯ: ಬೆದ್ದಲು ಸೀಮೆಯ ಮನೆಯೂಟದ ವಿಚಾರ

ಮಂಡ್ಯ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕನ್ನಂಬಾಡಿಯ ನೀರು, ವಿಶ್ವೇಶ್ವರಯ್ಯ ನಾಲೆ, ಅದರ ಆಶ್ರಯದಲ್ಲಿ ಬೆಳೆಯುವ ಭತ್ತ ಮತ್ತು ಕಬ್ಬು. ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲಿನ ಮಟ್ಟಿಗೆ ಇದು ನಿಜವೇ ಸರಿ. ಆದರೆ ಅಲ್ಲಿಂದ ಉತ್ತರಕ್ಕೆ ಸರಿದು, ನಾಗಮಂಗಲ ತಾಲ್ಲೂಕಿಗೆ ಸೇರಿದ ಹೊಣಕೆರೆ ಹೋಬಳಿಯ ಕಡೆಗೆ ಬಂದರೆ ನೋಟವು ಬೇರೆಯಾಗುವುದು. ಇಲ್ಲಿ ಹೆಚ್ಚಿನ ಭೂಮಿಯು ಮಳೆಯನ್ನೇ ನಂಬಿದ ಬೆದ್ದಲು. ರಾಗಿಯೇ ಮುಖ್ಯ ಪೈರು; ಹುರುಳಿ, ಅವರೆ, ತೊಗರಿ, ಅಲಸಂದೆಗಳು ಅದರ ಒಡನಾಡಿಗಳು. ಹೊಲ ಹೇಗೋ ಅಡಿಗೆಯೂ ಹಾಗೆಯೇ. ಈ ಸೀಮೆಯ ಸಾಧಾರಣ ಒಕ್ಕಲು ಮನೆಯಲ್ಲಿ ದಿನದಿನದ ಊಟವೆಂದರೆ ರಾಗಿಯ ಮುದ್ದೆ ಮತ್ತು ಬಸ್ಸಾರು. ಎರಡು ಪಾತ್ರೆ, ಒಂದು ಕೋಲು, ಒಂದು ಒರಳು ಇದ್ದಲ್ಲಿ ಐದಾರು ಜನರ ಊಟವು ಸಿದ್ಧವಾಗುವುದು.

ಇಷ್ಟು ಸರಳವಾದ ಅಡಿಗೆಯ ವಿಷಯವಾಗಿ ಬರೆಯತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಸರಳವಾದುದೆಂಬ ಕಾರಣದಿಂದಲೇ ಇದನ್ನು ಬಡವರ ಊಟವೆಂದು ಕಡೆಗಣಿಸುವ ಮನೆಗಳುಂಟು. ಅದರ ಒಂದು ಭಾಗವನ್ನು ಉಳಿಸಿಕೊಂಡು ಮತ್ತೊಂದನ್ನು ಬಿಡುವ ಮನೆಗಳೂ ಉಂಟು. ಈ ಊಟಕ್ಕೆ ಮೂರು ಅಂಗಗಳಿವೆ: ಮುದ್ದೆ, ಕಟ್ಟು, ಪಲ್ಯ. ಮೂರೂ ಕೂಡಿದರೆ ಅದು ಪೂರ್ಣಾಹಾರ. ಒಂದು ತಪ್ಪಿದರೂ ಕೊರತೆಯೇ. ಆ ಮೂರೂ ಮನೆಯ ಪ್ರತಿಯೊಬ್ಬರ ತಟ್ಟೆಗೂ ಸೇರುತ್ತಿವೆಯೇ ಎಂಬುದೇ ಇಲ್ಲಿ ವಿಚಾರಿಸಬೇಕಾದ ಅಂಶ.

ಹೊಲದಲ್ಲಿಯೇ ಅಡಿಗೆ

ಬಸ್ಸಾರಿನ ಅಡಿಗೆಯು ಒಲೆಯ ಮುಂದೆ ಆರಂಭವಾಗುವುದಿಲ್ಲ. ಬಿತ್ತನೆಯ ದಿನವೇ ಆರಂಭವಾಗುವುದು. ಮುಂಗಾರಿನ ಮೊದಲ ಮಳೆಗಳಲ್ಲಿ ಎಳ್ಳು, ಅಲಸಂದೆ, ಹೆಸರುಗಳನ್ನು ಬಿತ್ತುವುದು, ತರುವಾಯ ಪುನರ್ವಸು, ಪುಷ್ಯ ಮಳೆಗಳಲ್ಲಿ ರಾಗಿಯನ್ನು ಹಾಕುವುದು ಈ ಕಡೆಯ ವಾಡಿಕೆ. ರಾಗಿಯ ಆರು ಅಥವಾ ಎಂಟು ಸಾಲಿಗೊಂದರಂತೆ ಅವರೆ ಅಥವಾ ತೊಗರಿಯನ್ನು ಅಕ್ಕಡಿಯಾಗಿ ಇಕ್ಕುವರು. ಅಂಚಿನಲ್ಲಿ ಹುಚ್ಚೆಳ್ಳು, ನಡುನಡುವೆ ಸಾಸಿವೆ. ಹಿಂಗಾರಿನಲ್ಲಿ ಉಳಿದ ತುಂಡು ನೆಲಕ್ಕೆ ಹುರುಳಿ. ರಾಗಿಯ ನಡುವೆ ತಾನಾಗಿ ಹುಟ್ಟುವ ಅಣ್ಣೆ, ಕೀರೆ, ಗೋಣಿ, ಗಣಿಕೆ ಮುಂತಾದ ಸೊಪ್ಪುಗಳನ್ನು ಕಳೆ ತೆಗೆಯುವ ಹೆಂಗಸರು ಆಯ್ದು ಮಡಿಲಿಗೆ ಹಾಕಿಕೊಂಡು ಬರುವರು. ಇದಕ್ಕೆ ಬೆರಕೆ ಸೊಪ್ಪೆಂದು ಹೆಸರು.

ಅಕ್ಕಡಿಯ ಗುಣವನ್ನು ರೈತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವುವು. ರಾಗಿಯು ಕೈಕೊಟ್ಟ ವರ್ಷ ಅವರೆಯಾದರೂ, ಅವರೆ ಕೆಟ್ಟ ವರ್ಷ ತೊಗರಿಯಾದರೂ ಕೈಗೆ ಬರುವುದು. ಇಷ್ಟಲ್ಲದೆ, ಮುದ್ದೆಯ ಪಕ್ಕದಲ್ಲಿ ಇರಬೇಕಾದ ಕಾಳು ಮುದ್ದೆಯ ಪಕ್ಕದಲ್ಲಿಯೇ ಬೆಳೆಯುವುದೆಂಬುದು ಇದರ ದೊಡ್ಡ ಲಾಭ. ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ಅಕ್ಕಡಿ ಸಾಲನ್ನು ಬಿಟ್ಟವನು ಕಾಳನ್ನು ಅಂಗಡಿಯಿಂದ ಕೊಳ್ಳಬೇಕಾಗುವುದು. ಕೊಂಡ ಕಾಳು ಅಳತೆಗೆ ಸಿಕ್ಕಿದ ಕಾಳು. ಬೆಲೆ ಏರಿದ ತಿಂಗಳಲ್ಲಿ ಮೊದಲು ಕಡಮೆಯಾಗುವುದು ಅದೇ.

ರಾಗಿಯ ಪೂರ್ವೋತ್ತರ

ರಾಗಿಯ ಮೂಲಸ್ಥಾನವು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. ಉಗಾಂಡ ದೇಶದಲ್ಲಿ ಇಂದಿಗೂ ರಾಗಿಯ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕೋಲಿನಿಂದ ತೊಳಸಿ, ಗಟ್ಟಿಯಾಗಿ ಮಾಡಿ, ಕೈಯಿಂದ ಮುರಿದು ಸಾರಿನಲ್ಲಿ ಅದ್ದಿ ಉಣ್ಣುವರು. ಸಾವಿರಾರು ಮೈಲಿ ದೂರದಲ್ಲಿಯೂ ಅದೇ ಧಾನ್ಯಕ್ಕೆ ಅದೇ ಉಪಾಯವು ಹೊಳೆದುದು ಗಮನಿಸತಕ್ಕ ಸಂಗತಿ.

ರಾಗಿಯ ಇನ್ನೊಂದು ಗುಣವು ಬಾಳಿಕೆ. ಕಾಳು ಬಹು ಸಣ್ಣದಾದುದರಿಂದ ಹುಳು ಬೀಳುವುದು ಅಪೂರ್ವ. ಹಗೇವಿನಲ್ಲಿ ತುಂಬಿದ ರಾಗಿಯು ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದ ಕಥೆಯು ಎಲ್ಲರಿಗೂ ತಿಳಿದದ್ದೇ. 1876 ರಿಂದ 1878 ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನೆನೆದರೆ, ಕೆಡದೆ ಉಳಿಯುವ ಧಾನ್ಯದ ಬೆಲೆಯು ಕವಿಯ ಕಲ್ಪನೆಯಷ್ಟೇ ಅಲ್ಲವೆಂಬುದು ಮನವರಿಕೆಯಾಗುವುದು.

ಮೈಸೂರು ಸಂಸ್ಥಾನದಲ್ಲಿ 1913 ರಲ್ಲಿ ವ್ಯವಸಾಯದ ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟು, ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅದರ ಡೈರೆಕ್ಟರಾದರು. ರಾಗಿಯ ತಳಿಯನ್ನು ಉತ್ತಮಪಡಿಸುವ ಕೆಲಸವು ಹೆಬ್ಬಾಳದ ಕ್ಷೇತ್ರದಲ್ಲಿ ಆಗಿನಿಂದಲೇ ನಡೆಯಿತು. ತರುವಾಯ ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಡಾಕ್ಟರ್ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಪಡೆದರು. ಹೆಸರಿನಲ್ಲಿಯೇ ಎರಡು ದೇಶಗಳೂ ಕೂಡಿವೆ. ಇಳುವರಿಯು ಬಹಳವಾಗಿ ಹೆಚ್ಚಿತು. ಸಂಯುಕ್ತ ರಾಷ್ಟ್ರಸಂಘವು 2023 ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದುದರಿಂದ ಪಟ್ಟಣಗಳಲ್ಲಿಯೂ ರಾಗಿಗೆ ಮರ್ಯಾದೆ ಬಂದಿತು. ಆದರೆ ಮುದ್ದೆಯೊಂದೇ ಊಟವಲ್ಲವೆಂಬುದನ್ನು ಮರೆಯಲಾಗದು.

ಸಲಕರಣೆಗಳು

ಮುದ್ದೆಗೆ ದಪ್ಪ ತಳದ ಪಾತ್ರೆಯೊಂದು, ಹಿಟ್ಟಿನ ಕೋಲು, ಪಾತ್ರೆಯು ಅಲುಗದಂತೆ ಒತ್ತಿಹಿಡಿಯಲು ಕವೆಗೋಲು, ಮುದ್ದೆ ಕಟ್ಟಲು ಮಣೆ ಅಥವಾ ನುಣುಪಾದ ಕಲ್ಲು. ಬಸ್ಸಾರಿಗೆ ಮುಚ್ಚಳವುಳ್ಳ ಪಾತ್ರೆಯೊಂದು, ಅರೆಯಲು ಒರಳು. ಇಷ್ಟೇ. ಕೋಡೊಲೆಯಿದ್ದ ಮನೆಯಲ್ಲಿ ಮುಂದಿನ ಬಾಯಿಯ ಮೇಲೆ ಕಾಳು ಬೇಯುತ್ತಿರುವಾಗ, ಅದೇ ಉರಿಯಿಂದ ಕೋಡಿನ ಮೇಲೆ ಮುದ್ದೆಯ ಎಸರು ಕಾಯುವುದು.

ಮುದ್ದೆ

ಐದು ಜನರಿಗೆ 4 ಪಾವು ಹಿಟ್ಟು, 7 ರಿಂದ 8 ಪಾವು ನೀರು. ಹಿಟ್ಟಿನ ಹೊಸತು ಹಳತನ್ನು ನೋಡಿಕೊಂಡು ನೀರನ್ನು ತುಸು ಹೆಚ್ಚು ಕಡಮೆ ಮಾಡತಕ್ಕದ್ದು. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟರೆ ಗಂಟು ಕಟ್ಟುವುದಿಲ್ಲ. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ರಾಶಿಯಾಗಿ ಸುರಿದು, ಕೋಲಿನಿಂದ ಎರಡು ಮೂರು ಕಡೆ ತೂತು ಮಾಡಿ, ಉರಿ ತಗ್ಗಿಸಿ, ಹತ್ತು ನಿಮಿಷದವರೆಗೆ ಮುಟ್ಟದೆ ಬೇಯಿಸತಕ್ಕದ್ದು. ತರುವಾಯ ಹೆಚ್ಚಿನ ಎಸರನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಹಿಟ್ಟನ್ನು ತೊಳಸುವುದು. ಗಟ್ಟಿಯೆನಿಸಿದಲ್ಲಿ ಬಗ್ಗಿಸಿದ ಎಸರನ್ನೇ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಒದ್ದೆಯ ಕೈಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯತಕ್ಕದ್ದು. ಬೇಯದ ಹಿಟ್ಟು ಕೈಗೂ ಹಲ್ಲಿಗೂ ಅಂಟುವುದು, ಹೊಟ್ಟೆಗೂ ಭಾರ.

ಹಿಟ್ಟನ್ನು ನುಣ್ಣನೆಯ ಜರಡಿಯಲ್ಲಿ ಹಿಡಿದು ತೌಡನ್ನು ಬೇರ್ಪಡಿಸುವುದು ನಷ್ಟಕರವಾದ ಅಭ್ಯಾಸ. ರಾಗಿಯ ಸುಣ್ಣದಂಶವು ಬಹುಪಾಲು ಅದರ ಹೊರಸಿಪ್ಪೆಯಲ್ಲಿಯೇ ಇರುವುದು.

ಬಸ್ಸಾರು

ಕಾಳು 1 ಪಾವು, ಬಿಡಿಸಿ ತೊಳೆದ ಸೊಪ್ಪು ನಾಲ್ಕೈದು ದೊಡ್ಡ ಹಿಡಿ, ನೀರು 6 ಪಾವು, ಒಣಮೆಣಸಿನಕಾಯಿ 6, ಬೆಳ್ಳುಳ್ಳಿ ಒಂದು ಗೆಡ್ಡೆ, ಈರುಳ್ಳಿ 1, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ 1 ಚಮಚ, ಮೆಣಸು ಹತ್ತು ಕಾಳು, ತೆಂಗಿನ ತುರಿ ಒಂದು ಹಿಡಿ, ಹುಣಸೆಹಣ್ಣು ನೆಲ್ಲಿಕಾಯಿಯ ಗಾತ್ರ, ಉಪ್ಪು. ಇವುಗಳಲ್ಲಿ ಕಾಳು, ಸೊಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಇವು ಆರೇ ಅಗತ್ಯವಾದುವು. ಉಳಿದುವು ಇದ್ದರೆ ರುಚಿ, ಇಲ್ಲದಿದ್ದರೆ ಚಿಂತೆಯಿಲ್ಲ.

ಹುರುಳಿ, ಅಲಸಂದೆ, ಒಣ ಅವರೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ನೆನೆದ ಕಾಳು ಬೇಗ ಬೇಯುವುದರಿಂದ ಸೌದೆ ಉಳಿಯುವುದು. ಮೊಳಕೆ ಬರಿಸಿದರೆ ಇನ್ನೂ ಮೇಲು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಮತ್ತು ಉಪ್ಪು ಹಾಕಿ, ಸೊಪ್ಪು ಮೆತ್ತಗಾದೊಡನೆ ಇಳಿಸಿ, ನೀರನ್ನು ಬಸಿಯತಕ್ಕದ್ದು. ಹೀಗೆ ಬಸಿದ ನೀರೇ ಕಟ್ಟು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿಗಳನ್ನೂ, ಹುರಿದ ಮೆಣಸಿನಕಾಯಿಯನ್ನೂ, ಸಂಬಾರಗಳನ್ನೂ, ತೆಂಗು ಹುಣಸೆಗಳನ್ನೂ, ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿಯನ್ನೂ ಕೂಡಿಸಿ ನುಣ್ಣಗೆ ಅರೆದು, ಕಟ್ಟಿನಲ್ಲಿ ಕದಡಿ ಒಂದು ಕುದಿ ಬರಿಸಿದರೆ ಸಾರಾಯಿತು. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು.

ಅರೆಯಲು ಸಮಯವಿಲ್ಲದ ಸುಗ್ಗಿಯ ದಿನಗಳಲ್ಲಿ ಉಪ್ಪುಸಾರು ಸಾಕು. ಕಟ್ಟನ್ನು ಹಾಗೆಯೇ ಬಿಸಿಯಾಗಿಟ್ಟು, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪುಗಳನ್ನು ಅರೆದ ಖಾರವನ್ನು ತಟ್ಟೆಯಲ್ಲಿ ಬೇಕಾದಷ್ಟು ಕಲಸಿಕೊಳ್ಳುವುದು. ಮಕ್ಕಳಿಗೆ ಖಾರ ತಗ್ಗಿಸುವುದು ಇದರಲ್ಲಿ ಸುಲಭ.

ಇದರಲ್ಲಿರುವ ಸತ್ವ

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುವುದು; ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇದು ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ರಾಗಿಯಲ್ಲಿ ಮಾಂಸಪೋಷಕ ಅಂಶವು ನೂರಕ್ಕೆ ಏಳರಷ್ಟು ಮಾತ್ರ. ಹುರುಳಿಯಲ್ಲಿ ಅದು ನೂರಕ್ಕೆ ಸುಮಾರು 22 ರಷ್ಟು. ಇದಲ್ಲದೆ, ರಾಗಿಯಲ್ಲಿ ಕೊರತೆಯಾದ ಲೈಸಿನ್ ಎಂಬ ಘಟಕವು ಕಾಳುಗಳಲ್ಲಿ ಯಥೇಚ್ಛವಾಗಿರುವುದು. ಕಾಳುಗಳಲ್ಲಿ ಕೊರತೆಯಾದ ಮೆಥಿಯೊನಿನ್ ರಾಗಿಯಲ್ಲಿರುವುದು. ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. ಸೊಪ್ಪು ಬೇಯುವಾಗ ನೀರಿನಲ್ಲಿ ಕರಗುವ ಜೀವಸತ್ವಗಳು ಮತ್ತು ಲವಣಗಳ ಒಂದು ಭಾಗವು ನೀರಿಗೆ ಇಳಿಯುವುದು. ಆ ನೀರನ್ನು ಚೆಲ್ಲದೆ ಸಾರು ಮಾಡುವುದೇ ಬಸ್ಸಾರಿನ ಜಾಣತನ. ಕಟ್ಟನ್ನು ಬಚ್ಚಲಿಗೆ ಚೆಲ್ಲಿ ಪಲ್ಯವನ್ನು ಮಾತ್ರ ಉಣ್ಣುವವರು ಸೊಪ್ಪಿನ ಸತ್ವದಲ್ಲಿ ಒಂದು ಪಾಲನ್ನು ತಾವೇ ಕಳೆದುಕೊಳ್ಳುವರು.

ಕಾಳು ಬೇಗ ಬೇಯಲೆಂದು ಅಡಿಗೆ ಸೋಡ ಹಾಕುವ ಅಭ್ಯಾಸವು ಕೆಲವು ಕಡೆ ಉಂಟು. ಇದರಿಂದ ಥಯಮಿನ್ ಎಂಬ ಜೀವಸತ್ವವು ನಾಶವಾಗುವುದು. ನೆನೆಹಾಕಿದಲ್ಲಿ ಸೋಡದ ಅಗತ್ಯವೇ ಇಲ್ಲ. ರಾಗಿಯಲ್ಲಿಯೂ ಕಾಳುಗಳಲ್ಲಿಯೂ ಇರುವ ಕಬ್ಬಿಣದ ಅಂಶವು ದೇಹಕ್ಕೆ ಸುಲಭವಾಗಿ ದಕ್ಕುವಂಥದಲ್ಲ. ಪಲ್ಯದ ಮೇಲೆ ಉಣ್ಣುವಾಗ ಅರ್ಧ ನಿಂಬೆಹಣ್ಣನ್ನು ಹಿಂಡಿಕೊಂಡರೆ ಅದು ಹೆಚ್ಚಾಗಿ ದಕ್ಕುವುದು. ಉಂಡೊಡನೆ ಚಹ ಕುಡಿದರೆ ಇದಕ್ಕೆ ವಿರುದ್ಧವಾದ ಫಲ.

ಪಂಕ್ತಿಯ ಕೊನೆಯ ತಟ್ಟೆ

ಕಬ್ಬಿಣದ ಮಾತು ಬಂದುದರಿಂದ ಒಂದು ಕಹಿಯಾದ ಸಂಗತಿಯನ್ನು ಹೇಳಬೇಕಾಗಿದೆ. 2019 ರಿಂದ 2021 ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ ರಕ್ತಹೀನತೆಯಿದ್ದಿತು. ಇದಕ್ಕೆ ಕಾರಣಗಳು ಹಲವು, ಊಟವೊಂದೇ ಅಲ್ಲ. ಆದರೂ ಊಟದ ಪಾಲು ದೊಡ್ಡದು.

ಒಕ್ಕಲು ಮನೆಗಳಲ್ಲಿ ಬಡಿಸುವ ಕ್ರಮವನ್ನು ಗಮನಿಸಿದರೆ ವಿಷಯವು ಸ್ಪಷ್ಟವಾಗುವುದು. ಮೊದಲು ಗಂಡಸರಿಗೆ, ಬಂದ ನೆಂಟರಿಗೆ, ಆಮೇಲೆ ಮಕ್ಕಳಿಗೆ, ಕಡೆಯಲ್ಲಿ ಅಡಿಗೆ ಮಾಡಿದವಳಿಗೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯು ಬರಿದಾಗಿರುವುದು. ಕಟ್ಟು ಧಾರಾಳವಾಗಿ ಉಳಿದಿರುವುದರಿಂದ ಅವಳು ಮುದ್ದೆಯನ್ನು ಕಟ್ಟಿನಲ್ಲಿ ಅದ್ದಿ ಉಂಡು ಎದ್ದುಬಿಡುವಳು. ಹೊಟ್ಟೆಯೇನೋ ತುಂಬಿತು. ಆದರೆ ಕಾಳು ಇದ್ದುದು ಪಲ್ಯದಲ್ಲಿ. ಸೊಪ್ಪು ಇದ್ದುದೂ ಪಲ್ಯದಲ್ಲಿ. ಬೆಳಗ್ಗೆ ಹೊಲದಲ್ಲಿ ಆ ಸೊಪ್ಪನ್ನು ಬಗ್ಗಿ ಆಯ್ದವಳು ಅವಳೇ. ಬಸುರಿಯಾದ ಅಥವಾ ಮೊಲೆಯೂಡಿಸುವ ಹೆಂಗಸಿನ ವಿಷಯದಲ್ಲಿ ಈ ಕೊರತೆಯು ಒಬ್ಬರದಲ್ಲ, ಇಬ್ಬರದು.

ಇದಕ್ಕೆ ಹಣದ ಖರ್ಚಿಲ್ಲದ ಪರಿಹಾರವಿದೆ. ಪಲ್ಯಕ್ಕೆ ಒಗ್ಗರಣೆ ಕೊಟ್ಟೊಡನೆಯೇ ಮನೆಯಲ್ಲಿ ಎಷ್ಟು ಜನರೋ ಅಷ್ಟು ಪಾಲು ಮಾಡಿ, ಕಡೆಗೆ ಉಣ್ಣುವವಳ ಪಾಲನ್ನು ಮೊದಲೇ ತೆಗೆದಿಡತಕ್ಕದ್ದು. ಅದನ್ನು ಅವಳೇ ತೆಗೆದಿಟ್ಟುಕೊಳ್ಳಲು ಸಂಕೋಚಪಡುವಳು. ಆದುದರಿಂದ ಮನೆಯ ಹಿರಿಯರು, ಅತ್ತೆಯಾಗಲಿ ಯಜಮಾನನಾಗಲಿ, ಈ ಕೆಲಸವನ್ನು ಮಾಡುವುದು ಯುಕ್ತ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಮನೆಯಲ್ಲಿ ಈ ಏರ್ಪಾಡೂ ಬೇಕಾಗದು.

ಸೌದೆ ಮತ್ತು ಹೊಗೆ

ಗ್ಯಾಸು ಒಲೆಯು ಬಂದಿದ್ದರೂ ಮುದ್ದೆ ಮತ್ತು ಕಾಳಿಗೆ ಸೌದೆಯ ಒಲೆಯನ್ನೇ ಹಚ್ಚುವ ಮನೆಗಳಿವೆ. ಅಂಥ ಮನೆಗಳಲ್ಲಿ ಹೊಗೆಯು ಕೊಳವೆಯ ಮೂಲಕ ಹೊರಗೆ ಹೋಗುವಂತೆ ಮಾಡಿದರೆ ಕಣ್ಣಿಗೂ ಎದೆಗೂ ಕ್ಷೇಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ಸೌದೆಯನ್ನು ಮಿತವಾಗಿ ಉರಿಸುವ ಕೊಳವೆಯ ಒಲೆಯೊಂದನ್ನು ರೂಪಿಸಿ ಹಳ್ಳಿಗಳಲ್ಲಿ ಪ್ರಚಾರಪಡಿಸಿದರು. ಒಣಗಿದ ಸೌದೆ, ನೆನೆದ ಕಾಳು, ಮುಚ್ಚಿದ ಪಾತ್ರೆ ಈ ಮೂರನ್ನು ಪಾಲಿಸಿದರೆ ಯಾವ ಒಲೆಯಲ್ಲಾದರೂ ಉಳಿತಾಯವಿದೆ.

ರೈತರು ಮಾಡಬೇಕಾದುದು

ಬರುವ ಬಿತ್ತನೆಯಲ್ಲಿ ರಾಗಿಯ ಹೊಲಕ್ಕೆ ಅವರೆ ಅಥವಾ ತೊಗರಿಯ ಅಕ್ಕಡಿಯನ್ನು ತಪ್ಪದೆ ಇಕ್ಕುವುದು. ಕಣದಲ್ಲಿ ಕಾಳನ್ನು ಮಾರುವುದಕ್ಕೆ ಮೊದಲು ವರ್ಷದ ಮನೆಬಳಕೆಗೆ ಬೇಕಾದುದನ್ನು ಅಳೆದು ತೆಗೆದಿಡುವುದು. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆಯ ಮರವನ್ನೂ ಒಂದು ನಿಂಬೆಯ ಗಿಡವನ್ನೂ ನೆಡುವುದು. ದಿನಕ್ಕೆ 1 ಪಾವು ಕಾಳಿನ ಲೆಕ್ಕದಂತೆ ಐದು ಜನರ ಮನೆಗೆ ವರ್ಷಕ್ಕೆ 365 ಪಾವು, ಎಂದರೆ 90 ಸೇರಿಗೆ ಸ್ವಲ್ಪ ಮೇಲೆ ಬೇಕಾಗುವುದು. ಇದಕ್ಕಿಂತ ಹೆಚ್ಚಾಗಿ ಬೆಳೆದುದನ್ನು ಮಾತ್ರ ಸಂತೆಗೆ ಒಯ್ಯತಕ್ಕದ್ದು.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂದು ಗಾದೆಯಿದೆ. ಆ ಹಿಟ್ಟನ್ನು ತೊಳಸಿದವಳಿಗೂ ಹಿಟ್ಟಿನೊಡನೆ ಕಾಳು, ಕಾಳಿನೊಡನೆ ಸೊಪ್ಪು ದೊರೆಯುವಂತೆ ನೋಡಿಕೊಳ್ಳುವುದು ಪ್ರತಿಯೊಂದು ಒಕ್ಕಲು ಮನೆಯ ಕರ್ತವ್ಯವಾಗಿದೆ.