ಚಂದಮಾಮನತ್ತ ನೋಡದ ಮಗು

ಕರ್ನಾಟಕದಲ್ಲಿ ಹೆಸರಾದ ಯಡಿಯೂರುಗಳು ಎರಡು. ಒಂದು, ಬೆಂಗಳೂರಿನಲ್ಲಿ ಜಯನಗರ ಹಾಗೂ ಬನಶಂಕರಿಗೆ ಹೊಂದಿಕೊಂಡು ಕೆರೆಯ ಸುತ್ತ ಬೆಳೆದ ಬಡಾವಣೆ. ನಗರ ನುಂಗುವ ಮುನ್ನ ಅದೂ ಹಳ್ಳಿಯೇ ಆಗಿತ್ತು. ಇನ್ನೊಂದು, ಹಾಸನದ ಹೆದ್ದಾರಿಯಲ್ಲಿ ಕುಣಿಗಲ್ ದಾಟಿದ ಮೇಲೆ ಸಿಗುವ ಸಿದ್ಧಲಿಂಗೇಶ್ವರರ ಕ್ಷೇತ್ರ. ಇವೆರಡರ ನಡುವೆ ಸುಮಾರು ನೂರು ಕಿಲೋಮೀಟರ್ ಅಂತರವಿದೆ. ಒಂದೂವರೆ ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗದ, ಮುಖ ನೋಡಿ ನಗದ, ತಟ್ಟೆಯೊಂದನ್ನು ತಿರುಗಿಸುತ್ತಾ ತನ್ನ ಪಾಡಿಗೆ ತಾನು ಕೂರುವ ಮಗುವೊಂದು ಈ ಎರಡು ಊರುಗಳಲ್ಲಿ ಯಾವುದರಲ್ಲಿ ಬೆಳೆಯುತ್ತದೆ ಎಂಬುದರ ಮೇಲೆ ಅದರ ಮುಂದಿನ ಬದುಕು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಬೆಂಗಳೂರಿನ ಯಡಿಯೂರಿನ ಮಧ್ಯಮವರ್ಗದ ತಾಯಿಗೆ ಮಕ್ಕಳ ವೈದ್ಯರು ಪಕ್ಕದ ರಸ್ತೆಯಲ್ಲೇ ಸಿಗುತ್ತಾರೆ. ಮಾತಿನ ತರಬೇತಿ ಕೇಂದ್ರಗಳ ಫಲಕಗಳು ಸುತ್ತಮುತ್ತ ಹತ್ತಾರು. ನಿಮ್ಹಾನ್ಸ್ ಆಟೊ ಪ್ರಯಾಣದಷ್ಟು ಹತ್ತಿರ. ಇನ್ನೊಂದು ಯಡಿಯೂರಿನ ಆಚೀಚೆಯ ಹಳ್ಳಿಯಲ್ಲಿ ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚುತ್ತಾಳೆ. ‘ಗಂಡುಮಕ್ಕಳಿಗೆ ಮಾತು ತಡ, ಇವನಪ್ಪನೂ ಹೀಗೇ ಇದ್ದ’ ಎಂದು ಸೊಸೆಗೆ ಧೈರ್ಯ ಹೇಳುತ್ತಾಳೆ. ಇದನ್ನು ಮೌಢ್ಯವೆಂದು ನಗುವಂತಿಲ್ಲ. ತಡವಾಗಿ ಮಾತು ಕಲಿತು ಆಮೇಲೆ ಎಲ್ಲರಂತಾದ ಮಕ್ಕಳನ್ನು ಆಕೆ ನಿಜಕ್ಕೂ ಕಂಡಿದ್ದಾಳೆ. ಆದರೆ ಎಲ್ಲ ಮಕ್ಕಳೂ ಹಾಗಲ್ಲ ಎಂಬುದು ಗೊತ್ತಾಗುವುದು ಮಗು ಶಾಲೆಗೆ ಸೇರಿ ಮೇಷ್ಟ್ರು ದೂರು ಹೇಳಿದಾಗ. ಅಷ್ಟರಲ್ಲಿ ನಾಲ್ಕೈದು ವರ್ಷ ಕಳೆದುಹೋಗಿರುತ್ತದೆ.

ಆಟಿಸಂ ಅಥವಾ ಸ್ವಲೀನತೆ ಎಂಬುದು ಔಷಧದಿಂದ ವಾಸಿಯಾಗುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ. ಆದರೂ ಬೇಗ ಗುರುತಿಸಿದರೆ ಮಗುವಿನೊಡನೆ ಆಡುವ, ಮಾತಾಡುವ ರೀತಿಯನ್ನು ತಂದೆತಾಯಿಗೆ ಕಲಿಸಬಹುದು. ತನಗೆ ಬೇಕಾದ್ದನ್ನು ಹೇಳಿಕೊಳ್ಳುವ ದಾರಿಯನ್ನು ಮಗುವಿಗೂ ತೋರಿಸಬಹುದು. ಗುರುತಿಸುವುದಕ್ಕೆ ಮೊದಲ ಹಂತದಲ್ಲಿ ಯಂತ್ರವಾಗಲಿ ರಕ್ತಪರೀಕ್ಷೆಯಾಗಲಿ ಬೇಕಿಲ್ಲ. 16ರಿಂದ 30 ತಿಂಗಳ ಮಕ್ಕಳಿಗಾಗಿ ಹಲವು ದೇಶಗಳಲ್ಲಿ ಬಳಸುವ ಎಂ-ಚಾಟ್ ಪ್ರಶ್ನಾವಳಿಯಲ್ಲಿರುವುದು 20 ಪ್ರಶ್ನೆಗಳು. ನೀವು ಬೆರಳು ತೋರಿದ ಕಡೆ ಮಗು ನೋಡುತ್ತದೆಯೇ? ಅಚ್ಚರಿಯೆನಿಸಿದ್ದನ್ನು ತಾನೇ ಬೆರಳು ಮಾಡಿ ನಿಮಗೆ ತೋರಿಸುತ್ತದೆಯೇ? ಇಂಥವು.

ಇದರಲ್ಲಿ ನಮಗೆ ಹೊಸದೇನಿದೆ? ಅಂಗಳದಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಚಂದಮಾಮನನ್ನು ತೋರಿಸುತ್ತಾ ತುತ್ತು ಉಣಿಸುವ ಪ್ರತಿ ತಾಯಿಯೂ ಇದೇ ಪರೀಕ್ಷೆಯನ್ನು ದಿನವೂ ನಡೆಸುತ್ತಿರುತ್ತಾಳೆ. ಸಾಮಾನ್ಯವಾಗಿ ಮಗು ಅವಳ ಬೆರಳಿನ ಜಾಡು ಹಿಡಿದು ಆಕಾಶ ನೋಡುತ್ತದೆ, ಮತ್ತೆ ತಿರುಗಿ ಅಮ್ಮನ ಮುಖ ನೋಡುತ್ತದೆ. ಚಂದ್ರನನ್ನೂ ನೋಡದೆ ಅಮ್ಮನತ್ತಲೂ ತಿರುಗದ ಮಗುವನ್ನು ಕಂಡು ಅವಳ ಮನಸ್ಸಿನಲ್ಲಿ ಏನೋ ಅಳುಕು ಹುಟ್ಟಿರುತ್ತದೆ. ಆ ಅಳುಕನ್ನು ಸರಿಯಾದ ವಯಸ್ಸಿನಲ್ಲಿ, ಅವಳದೇ ಮಾತಿನಲ್ಲಿ ಕೇಳಿ ತಿಳಿಯುವವರಿಲ್ಲ ಎಂಬುದೇ ಕೊರತೆ. ಇಂಗ್ಲಿಷಿನ ಪ್ರಶ್ನೆಗಳನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ಸಾಲದು. ಖಾಲಿ ಲೋಟದಲ್ಲಿ ಕಾಫಿ ಕುಡಿದಂತೆ ನಟಿಸುತ್ತದೆಯೇ, ಕೋಲಿಗೆ ಬಟ್ಟೆ ಸುತ್ತಿ ಪಾಪು ಎಂದು ತಟ್ಟುತ್ತದೆಯೇ ಎಂದು ಕೇಳಿದರೆ ಆಟಿಕೆಗಳಿಲ್ಲದ ಮನೆಯ ತಾಯಿಗೂ ಅರ್ಥವಾಗುತ್ತದೆ.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಬೇಕು. ಅವು ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಸಹ ಇದೆ. 2023ರ ನವೆಂಬರಿನಲ್ಲಿ ಕೇಂದ್ರವು ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಶಿಷ್ಟಾಚಾರವನ್ನೂ ಹೊರತಂದಿತು. ಆದರೆ ತೂಕ, ಕಣ್ಣು, ಹಲ್ಲು, ಚರ್ಮ ಎಲ್ಲವನ್ನೂ ಒಂದೇ ಬೆಳಗಿನಲ್ಲಿ ನೋಡಿ ಮುಗಿಸಬೇಕಾದ ತಂಡದ ಕಣ್ಣಿಗೆ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ಮಗು ಬೀಳುವುದು ಕಷ್ಟ. ಅಂಥ ಮಗು ನಮ್ಮಲ್ಲಿ ‘ಒಳ್ಳೆಯ ಮಗು’ ಎನಿಸಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಬಿರುಕು ವಯಸ್ಸಿನ ಲೆಕ್ಕದಲ್ಲಿದೆ. 2018ರಲ್ಲಿ ರೂಪಿಸಿದ ಯೋಜನೆಯ ಪ್ರಕಾರ ಆಶಾ ಕಾರ್ಯಕರ್ತೆ ಮಗುವಿನ 3, 6, 9, 12 ಹಾಗೂ 15ನೇ ತಿಂಗಳಲ್ಲಿ ಮನೆಗೆ ಬರುತ್ತಾಳೆ. ಅಲ್ಲಿಗೆ ಆ ಭೇಟಿಗಳ ಸರಣಿ ಮುಗಿಯಿತು. ಮಗು ಅಂಗನವಾಡಿಯಲ್ಲಿ ದಿನವೂ ಕೂರಲು ಆರಂಭಿಸುವುದು ಮೂರು ವರ್ಷಕ್ಕೆ. ಲಕ್ಷಣಗಳು ಕೇಳಿದರೆ ಸಿಗುವಷ್ಟು ಸ್ಪಷ್ಟವಾಗುವುದು ಈ ಎರಡರ ನಡುವೆ. ನೋಡುವವರು ಬರುವುದು ನಿಂತ ಮರುತಿಂಗಳೇ ನೋಡಬೇಕಾದ ಕಾಲ ಶುರುವಾಗುತ್ತದೆ!

ಆದರೂ ಈ ನಡುವೆ ಒಂದು ಬಾಗಿಲು ತೆರೆದೇ ಇದೆ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಹಾಕಿಸಲು ತಾಯಿ ತಾನಾಗಿಯೇ ಮಗುವನ್ನೆತ್ತಿಕೊಂಡು ಉಪಕೇಂದ್ರಕ್ಕೋ ಅಂಗನವಾಡಿಗೋ ಬರುತ್ತಾಳೆ. ಅವಳ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಬೆಳವಣಿಗೆಯ ಮೈಲಿಗಲ್ಲುಗಳು ಅದರಲ್ಲೇ ಅಚ್ಚಾಗಿವೆ. ಆ ಪುಟ ತೆರೆದು ನಾಲ್ಕು ಮಾತು ಕೇಳುವುದಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಕೇಳುವುದು ಸೂಜಿ ಚುಚ್ಚುವ ಮೊದಲು ಆಗಬೇಕು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಪುಕಾರು ಹಬ್ಬಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ಆ ಸುಳ್ಳಿನ್ನೂ ಸತ್ತಿಲ್ಲ. ಇಂಜೆಕ್ಷನ್ ಆದ ಮೇಲೆ ‘ನಿಮ್ಮ ಮಗುವಿನ ಬಗ್ಗೆ ಅನುಮಾನವಿದೆ’ ಎಂದರೆ ತಾಯಿ ಎರಡನ್ನೂ ಗಂಟು ಹಾಕದೆ ಇರುವಳೇ?

ತಪಾಸಣೆ ಎಂಬುದು ಜರಡಿ, ಅದು ತೀರ್ಪಲ್ಲ. ಎಂ-ಚಾಟ್‌ನ ಪರಿಷ್ಕೃತ ರೂಪವನ್ನು ಅಮೆರಿಕದಲ್ಲಿ 16 ಸಾವಿರ ಮಕ್ಕಳ ಮೇಲೆ ಪ್ರಯೋಗಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಎರಡು ಸುತ್ತಿನ ಪ್ರಶ್ನೆಗಳ ನಂತರವೂ ಜರಡಿಯಲ್ಲಿ ಉಳಿದು, ತಜ್ಞರ ಪರೀಕ್ಷೆಗೆ ಒಳಗಾದವರಲ್ಲಿ ಆಟಿಸಂ ಖಚಿತವಾದದ್ದು ಅರ್ಧಕ್ಕಿಂತ ತುಸು ಕಡಿಮೆ ಮಕ್ಕಳಲ್ಲಿ. ಹಾಗೆಂದು ಉಳಿದ ಮಕ್ಕಳ ಶ್ರಮ ವ್ಯರ್ಥವಾಗಲಿಲ್ಲ. ಅವರಲ್ಲಿಯೂ ಬಹುಪಾಲು ಮಕ್ಕಳಿಗೆ ಬೆಳವಣಿಗೆಯ ಬೇರಾವುದೋ ತೊಡಕಿತ್ತು. ನಮ್ಮಲ್ಲಿ ಇಂಥ ತೊಡಕುಗಳೇನೂ ಅಪರೂಪವಲ್ಲ. ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಅಧ್ಯಯನದಂತೆ 2ರಿಂದ 9 ವರ್ಷದ ಪ್ರತಿ ಎಂಟು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ನರಬೆಳವಣಿಗೆಗೆ ಸಂಬಂಧಿಸಿದ ಒಂದಾದರೂ ತೊಂದರೆಯಿದೆ. ಆ ಐದರಲ್ಲಿ ಕರ್ನಾಟಕದ ಊರು ಒಂದೂ ಇರಲಿಲ್ಲ.

ಹಳ್ಳಿಯ ಆರೋಗ್ಯ ಸಹಾಯಕಿಗೆ ಇದೆಲ್ಲ ಸಾಧ್ಯವೇ ಎಂದು ಮೂಗುಮುರಿಯುವವರು ಬೆಂಗಳೂರಿನ ಇತಿಹಾಸವನ್ನೇ ನೋಡಬಹುದು. ಮನೋರೋಗವನ್ನು ಗುರುತಿಸಲು ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನು ತರಬೇತುಗೊಳಿಸಬಹುದೇ ಎಂಬ ಪ್ರಯೋಗವನ್ನು ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಕೈಗೊಂಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ವಿಸ್ತರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ ಪ್ರಯೋಗ. ಆಟಿಸಂ ವಿಷಯದಲ್ಲಿ ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ತಜ್ಞರಲ್ಲದ ಕಾರ್ಯಕರ್ತರು ತಂದೆತಾಯಿಗೆ ಮಗುವಿನೊಡನೆ ಒಡನಾಡುವ ಬಗೆಯನ್ನು ಕಲಿಸಿದರು, ಫಲವೂ ಕಂಡಿತು. ಆದರೆ ಸಾಧ್ಯವೆಂದ ಮಾತ್ರಕ್ಕೆ ಪುಕ್ಕಟೆ ಕೆಲಸವೆಂದು ಹೇರಬಾರದು. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತಿದ್ದ ಆಶಾ ಕಾರ್ಯಕರ್ತೆಯರನ್ನು ನಾವು ನೋಡಿದ್ದೇವೆ.

ದೂರ ಯಾವಾಗಲೂ ಕಿಲೋಮೀಟರಿನದಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಇದೇ ಯಡಿಯೂರಿನಂಥ ಬಡಾವಣೆಗಳಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳಿವೆ. ತಾಯಿ ಕಾರ್ಡ್ ಒಂದು ಊರಿನದು, ವಾಸ ಇನ್ನೊಂದು ಊರಿನಲ್ಲಿ. ನಿಮ್ಹಾನ್ಸ್ ಹತ್ತಿರವಿದ್ದೂ ಆ ಮಕ್ಕಳಿಗೆ ಕುಣಿಗಲ್ಲಿನ ಹಳ್ಳಿಗಿಂತ ದೂರ.

ಕೊನೆಗೆ, ಅನುಮಾನ ಮೂಡಿದ ಮೇಲೆ ಮುಂದೇನು? ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ಕುಣಿಗಲ್ಲಿನ ಆಚೆಯ ಹಳ್ಳಿಯಿಂದ ತುಮಕೂರಿಗೆ ಹೋಗಿಬರುವುದಕ್ಕೆ ಒಂದು ದಿನ ಬೇಕು. ‘ಶಕ್ತಿ’ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ಟಿನ ಚಿಂತೆಯಿಲ್ಲ, ನಿಜ. ಅವಳ ಆ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮಾತಿನ ತರಬೇತಿಯೋ ಒಂದು ದಿನದ್ದಲ್ಲ, ವಾರವಾರವೂ ನಡೆಯಬೇಕಾದದ್ದು. ಎರಡು ಬಾರಿ ಹೋಗಿ ಮೂರನೆಯ ಬಾರಿ ಬಿಟ್ಟ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಮುಂದಿನ ಆಸರೆಯಿಲ್ಲದ ತಪಾಸಣೆಯಿಂದ ಅವಳಿಗೆ ದಕ್ಕುವುದು ಕೆಟ್ಟ ಸುದ್ದಿಯಷ್ಟೆ. ಆದ್ದರಿಂದ ಲಸಿಕೆಯ ದಿನ ಪ್ರಶ್ನೆ ಕೇಳಲು ಆರಂಭಿಸುವ ಮೊದಲೇ, ವಾರಕ್ಕೊಂದು ದಿನವಾದರೂ ವಾಕ್ ತಜ್ಞರೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರುವ ಏರ್ಪಾಡಾಗಬೇಕು. ಆ ದಿನ ಯಾವುದೆಂದು ನರ್ಸಮ್ಮ ತಾಯಿ ಕಾರ್ಡಿನ ಮೇಲೆಯೇ ಬರೆದುಕೊಡುವಂತಿರಬೇಕು.